ದೊಡ್ಡಮ್ಮನ ಕೋಣೆಯ ಹೊಸ್ತಿಲು

ನಮ್ಮ ದೊಡ್ಡಮ್ಮ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಹೊಸ ಬಟ್ಟೆ ಹೊಲಿಯುವುದಿಲ್ಲ. ಇನ್ಯಾರೋ ಹೊಲಿದು ಕೆಡಿಸಿದ್ದನ್ನು ಸರಿಮಾಡುವುದು ಅವಳ ಕಸುಬು. ಜಿಪ್ಪು ಕಿತ್ತ ಜಾಕೆಟ್ಟು, ಲೈನಿಂಗ್ ಹರಿದ ಕೋಟು, ಉದ್ದವಾದ ಪ್ಯಾಂಟು, ಹೊಟ್ಟೆ ಬೆಳೆದ ಮೇಲೂ ಹಳೆಯ ಸೊಂಟದ ಅಳತೆಯನ್ನೇ ನಂಬಿಕೊಂಡವರ ಸೂಟು, ಎಲ್ಲವೂ ಅವಳ ಕೈಗೆ ಬಂದು ಮತ್ತೆ ಬಾಳುತ್ತವೆ. ನಾನು ಡ್ರೈಕ್ಲೀನಿಂಗ್ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿಗೆ ಬರುವ ರಿಪೇರಿ ಬಟ್ಟೆಗಳೆಲ್ಲ ಹೋಗುವುದು ದೊಡ್ಡಮ್ಮನ ಹತ್ತಿರ. ಸಂಜೆ ಚೀಲ ಹೊತ್ತು ಹೋಗಿ ಕೊಟ್ಟು ಬರುವವಳು ನಾನೇ. ಹಾಗಾಗಿ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು. ಮಾತಿನಲ್ಲಿ ದೊಡ್ಡಮ್ಮನ ಕಡೆ ಸ್ವಲ್ಪ ವಾಲಿದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದರೂ ಅವಳ ಮನೆಯಲ್ಲಿ ಅದನ್ನು ಯಾರೂ ಕೆಲಸ ಎಂದು ಕರೆಯುತ್ತಿರಲಿಲ್ಲ. ಅಜ್ಜಿ, ಅಂದರೆ ದೊಡ್ಡಪ್ಪನ ತಾಯಿ, ಅದಕ್ಕೆ ಚಿಂದಿ ಆಟ ಎಂದು ಹೆಸರಿಟ್ಟು ಮೂಗು ಮುರಿಯುತ್ತಿದ್ದಳು. ಬಸ್ ಡಿಪೋದಲ್ಲಿ ಬಸ್ಸುಗಳು ಹೊರಡುವ, ಬರುವ ಹೊತ್ತು ಬರೆದುಕೊಳ್ಳುವ ದೊಡ್ಡಪ್ಪ, "ಮನೇಲಿ ಕೂತು ಏನೋ ಹೊಲೀತಾಳೆ, ಹೊತ್ತು ಹೋಗ್ಬೇಕಲ್ಲ" ಎನ್ನುತ್ತಿದ್ದ. ದೊಡ್ಡಪ್ಪ ಕೆಟ್ಟವನಲ್ಲ. ದನಿ ಎತ್ತಿದವನಲ್ಲ, ಕೈ ಬಿಗಿ ಹಿಡಿದವನೂ ಅಲ್ಲ. ಆದರೆ ಕಣ್ಣೆದುರಿಗೆ ಇರುವುದನ್ನು ಕಾಣದೆ ಇರುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಅಂಗಡಿಯಿಂದ ಬರುವ ದುಡ್ಡಿಗೆ ಲೆಕ್ಕ ಇರುತ್ತಿದ್ದುದರಿಂದ ದೊಡ್ಡಮ್ಮ ಪ್ರತಿವರ್ಷ ತೆರಿಗೆ ಕಟ್ಟಲೇಬೇಕಾಗಿತ್ತು. ಅವಳ ಅರ್ಜಿ ತುಂಬುವುದು ದೊಡ್ಡಪ್ಪ. ಉದ್ಯೋಗ ಎಂಬಲ್ಲಿ 'ಗೃಹಿಣಿ' ಎಂದು ಬರೆದು, ಖರ್ಚು ಎಂಬಲ್ಲಿ ಅಡ್ಡಗೆರೆ ಎಳೆದು, ಚಹಾ ಆರುವುದರೊಳಗೆ ಮುಗಿಸಿಬಿಡುತ್ತಿದ್ದ. ಖರ್ಚು ಏನೂ ಇಲ್ಲವೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಕೂತಲ್ಲೇ ಹೊಲಿಯೋಕೆ ಖರ್ಚೇನು ಬರತ್ತಮ್ಮ?" ಎಂದು ನನ್ನನ್ನೇ ಕೇಳಿದ.

ಇನ್ನು ಅವಳು ಕೂರುವ ಜಾಗ. ಹಜಾರಕ್ಕೂ ಹಿತ್ತಲಿಗೂ ನಡುವೆ ಒಂದು ಕೋಣೆ. ಅದರಲ್ಲಿ ಮನೆಯ ಪಕ್ಕದ ಬೀದಿಗೆ ತೆರೆದ ಒಳ್ಳೆಯ ಕಿಟಕಿ. ಕಿಟಕಿಯ ಪಕ್ಕ ಅಜ್ಜಿಯ ಆರಾಮಕುರ್ಚಿ, ಏಕೆಂದರೆ ಬೀದಿಯಲ್ಲಿ ಯಾರು ಯಾರ ಜೊತೆ ಹೋದರು ಎಂಬುದು ಅಜ್ಜಿಯ ಇಲಾಖೆ. ಗೋಡೆಯುದ್ದಕ್ಕೂ ದೊಡ್ಡಪ್ಪನ ಮಂಚ. ಬೆಳಗಿನ ಪಾಳಿ ಮುಗಿಸಿ ಬಂದು ಅವನು ಮಧ್ಯಾಹ್ನ ಮಲಗುವುದು ಅಲ್ಲಿ. ಮಂಚದ ಕೆಳಗೆ ಪೆಟ್ಟಿಗೆಗಳು, ಮೇಲೆ ಮಡಚದ ಹೊದಿಕೆ, ಅಡ್ಡಡ್ಡ ಒಂದು ಹಗ್ಗ, ಹಗ್ಗದ ಮೇಲೆ ಎಲ್ಲರ ಟವೆಲ್ಲು. ಬೀರು ಮತ್ತು ಮಂಚದ ಸಂದಿಯಲ್ಲಿ, ಬೆಳಕು ಬೀಳದ ಮೂಲೆಯಲ್ಲಿ, ದೊಡ್ಡಮ್ಮನ ಕಾಲುಮಿಷನ್ನು. ದೊಡ್ಡಪ್ಪ ಮಲಗಿದಾಗ ಅವಳು ಕಾಲಿನಿಂದ ತುಳಿಯದೆ, ಸದ್ದಾಗದಂತೆ ಕೈಯಿಂದ ಚಕ್ರ ತಿರುಗಿಸುತ್ತ ಒಂದೊಂದೇ ಹೊಲಿಗೆ ಹಾಕುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಹೀಗಿರುವಾಗ ಅಂಗಡಿಗೆ ರಜೆಯಿದ್ದ ಒಂದು ಬೆಳಿಗ್ಗೆ ನಾನು ಚೀಲ ತಂದಿದ್ದಾಗ, ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಒಬ್ಬ ಹೆಂಗಸು ಬಂದಿದ್ದರು. ಬೇರೆಯವರ ತೆರಿಗೆ ಅರ್ಜಿ ತುಂಬಿಕೊಡುವುದು ಅವರ ಕೆಲಸ. ದೊಡ್ಡಮ್ಮ ಅವರನ್ನು ತೆರಿಗೆ ಮೇಡಂ ಎಂದೇ ಕರೆಯುತ್ತಿದ್ದಳು. ಮಂಚಕ್ಕೂ ಮಿಷನ್ನಿಗೂ ನಡುವೆ ಸ್ಟೂಲು ಇಟ್ಟು ಅದರ ಮೇಲೆ ಅವರನ್ನು ನಿಲ್ಲಿಸಿ, ದೊಡ್ಡಮ್ಮ ನೆಲದಲ್ಲಿ ಕೂತು ಒಂದು ಕಾಲಿನ ಅಂಚು ಮಡಚಿ ಗುಂಡುಸೂಜಿ ಚುಚ್ಚುತ್ತಿದ್ದಳು. ಅಜ್ಜಿ ಕುರ್ಚಿಯಲ್ಲಿ ತೂಕಡಿಸುವಂತೆ ನಟಿಸುತ್ತಿದ್ದಳು.

"ನೀವು ತೆರಿಗೆ ಕಟ್ತೀರಲ್ಲ, ಖರ್ಚೆಲ್ಲ ಕಳೆದು ತಾನೆ?" ಎಂದು ಮೇಡಂ ಸುಮ್ಮನೆ ಕೇಳಿದರು.

ದೊಡ್ಡಮ್ಮ ತುಟಿಯಲ್ಲಿ ಕಚ್ಚಿದ್ದ ಸೂಜಿಗಳನ್ನು ತೆಗೆದಳು. "ಯಾವ ಖರ್ಚು?"

"ದಾರ, ಜಿಪ್ಪು, ಮಿಷನ್ ಎಣ್ಣೆ. ಕತ್ತರಿ ಸಾಣೆ ಹಿಡಿಸೋದು. ಲೈನಿಂಗ್ ಬಟ್ಟೆ ತರೋಕೆ ಹೋಗ್ತೀರಲ್ಲ, ಆ ಬಸ್ ಚಾರ್ಜು. ಮಿಷನ್ ಸವೆಯತ್ತಲ್ಲ, ಅದಕ್ಕೂ ವರ್ಷಕ್ಕಿಷ್ಟು ಅಂತ ಕಳೀಬಹುದು. ಮನೇಲಿ ಕೆಲಸ ಮಾಡೋರು ಇದನ್ನೆಲ್ಲ ಬಿಟ್ಟೇಬಿಡ್ತಾರೆ. ಮನೆ ಖರ್ಚಿನ ಜೊತೆ ಕಲಸಿಹೋಗತ್ತೆ ನೋಡಿ, ಕಾಣಿಸೋದೇ ಇಲ್ಲ."

ದೊಡ್ಡಮ್ಮನ ಕೈ ನಿಧಾನವಾಯಿತು. ಪ್ಯಾಂಟಿನ ಒಂದು ಕಾಲು ಮೇಲಕ್ಕೆ ಮಡಚಿದೆ, ಇನ್ನೊಂದು ಸ್ಟೂಲಿನಿಂದ ಕೆಳಕ್ಕೆ ಜೋತಾಡುತ್ತಿದೆ. ಸ್ಟೂಲಿನಿಂದ ಇಳಿದರೆ ಸೂಜಿ ಚುಚ್ಚುತ್ತದೆ. ಮೇಡಂ ಎಲ್ಲಿಗೂ ಹೋಗುವ ಹಾಗಿರಲಿಲ್ಲ.

"ಇನ್ನೊಂದು ಕಾಲು ಬಾಕಿ ಇದೆ ಮೇಡಂ, ಹೇಳ್ತಾ ಇರಿ," ಎಂದಳು ದೊಡ್ಡಮ್ಮ. "ಕನ್ನಡಕ?"

"ಅದು ಬರಲ್ಲ."

"ಬೆನ್ನಿಗೆ ಹಚ್ಚೋ ಮುಲಾಮು?"

"ಅದೂ ಬರಲ್ಲ."

"ಅಂದ್ರೆ ಮಿಷನ್ ಸವೆದ್ರೆ ಸರ್ಕಾರಕ್ಕೆ ಗೊತ್ತಾಗತ್ತೆ, ಬೆನ್ನು ಸವೆದ್ರೆ ಗೊತ್ತಾಗಲ್ಲ."

ಮೇಡಂ ನಕ್ಕರು. ನಕ್ಕು, ಸುತ್ತ ಕಣ್ಣಾಡಿಸಿ, ನಿಜವಾದ ಮಾತು ಹೇಳಿದರು. "ಎಲ್ಲಕ್ಕಿಂತ ದೊಡ್ಡದು ಕೋಣೆ. ಬಾಡಿಗೆಯಲ್ಲಿ, ಕರೆಂಟ್ ಬಿಲ್ಲಿನಲ್ಲಿ, ಈ ಕೋಣೆಯ ಪಾಲು ಎಷ್ಟೋ ಅಷ್ಟು ಕಳೀಬಹುದು. ಆದ್ರೆ ಕೋಣೆ ಕೆಲಸಕ್ಕೆ ಮಾತ್ರ ಇರಬೇಕು. ಈ ಮಂಚ, ಈ ಟವೆಲ್ಲು ಇದ್ರೆ ಒಪ್ಪಲ್ಲ."

ಕೆಲಸಕ್ಕೆ ಮಾತ್ರ. ಆ ಎರಡು ಪದ ದೊಡ್ಡಮ್ಮನ ಮನಸ್ಸಿಗೆ ಹೇಗೆ ನಾಟಿತು ಎಂದು ನಾನು ಅವಳ ಮುಖದಲ್ಲೇ ನೋಡಿದೆ. ಅವಳಿಗೆ ದುಡ್ಡಿನ ಆಸೆ ಇರಲಿಲ್ಲ ಎಂದು ಹೇಳಲಾರೆ, ದುಡ್ಡು ಯಾರಿಗೆ ಬೇಡ. ಆದರೆ ತಾನು ಮಾಡುವುದಕ್ಕೆ ಕೆಲಸ ಎಂಬ ಹೆಸರೂ ಅದಕ್ಕೊಂದು ಕೋಣೆಯೂ ಸಿಗಬಹುದು ಎಂದು ಅವಳಿಗೆ ಹೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಅಂದು ಮಧ್ಯಾಹ್ನ ದೊಡ್ಡಪ್ಪ ಡಿಪೋದಿಂದ ಬಂದಾಗ ಮಂಚ ಹಜಾರದಲ್ಲಿತ್ತು. ಅದನ್ನು ಎಳೆಯಲು ಕೈಹಾಕಿದವಳು ನಾನೂ ಹೌದು.

"ಇದೇನಿದು?" ಎಂದ.

ದೊಡ್ಡಮ್ಮ ಹೇಳಿದಳು. ದೊಡ್ಡಪ್ಪ ಕೇಳಿ ನಕ್ಕ. "ಅದೇನು ಫ್ಯಾಕ್ಟರಿನಾ? ಹೊತ್ತು ಹೋಗೋಕೆ ಹೊಲಿಯೋಳಿಗೆ ಕೋಣೆ ಬೇರೆ. ಕಳಿಸಿ ನೋಡು, ಆಫೀಸಿನೋರು ನಕ್ಕು ವಾಪಸ್ ಕಳಿಸ್ತಾರೆ."

"ನಗಲಿ. ಅವರು ನಕ್ಕರೆ ನಿಮ್ಮ ಮಂಚ ಒಳಗೆ ಬರತ್ತೆ, ನಾನು ಮೂಲೆಗೆ ಹೋಗ್ತೀನಿ, ಸಾಯೋವರೆಗೂ ಆ ಮಾತೆತ್ತಲ್ಲ. ಅವರು ಒಪ್ಪಿದ್ರೆ ಕೋಣೆ ನಂದು. ನಾನು ಮಾಡೋದು ಕೆಲಸ ಅಂತ ನೀವೂ ಒಪ್ಪಬೇಕು."

ದೊಡ್ಡಪ್ಪ ಗೆದ್ದವನ ಹಾಗೆ "ಆಗಲಿ" ಎಂದ.

ಮುಂದಿನ ಒಂದು ವರ್ಷ ಆ ಮನೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಕಾನೂನು ಕೇಳಿದ್ದು ಒಂದು ಹಿಡಿ ಎಂದರೆ ದೊಡ್ಡಮ್ಮ ಪಾಲಿಸಿದ್ದು ಒಂದು ಮೂಟೆ. ಪೆಟ್ಟಿಗೆ, ಹಗ್ಗ, ಟವೆಲ್ಲು, ಅಜ್ಜಿಯ ಕುರ್ಚಿ ಎಲ್ಲ ಹೊರಗೆ. ಮಿಷನ್ನು ಕಿಟಕಿಯ ಬೆಳಕಿಗೆ. ಗೋಡೆಗೆ ಸಾಲಾಗಿ ಕೊಕ್ಕೆ, ಕೊಕ್ಕೆಗೆ ಚೀಟಿ ಕಟ್ಟಿದ ಬಟ್ಟೆ. ಹೊಸ್ತಿಲು ದಾಟಿ ಒಳಗೆ ಕೆಲಸವಿಲ್ಲದ ಪ್ರಾಣಿ ಕಾಲಿಡಕೂಡದು. ಹಿತ್ತಲಿಗೆ ಹೋಗಲು ಆ ಕೋಣೆಯೇ ಹತ್ತಿರದ ದಾರಿ. ಈಗ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಮುಂಬಾಗಿಲಿನಿಂದ ಇಳಿದು ಮನೆ ಸುತ್ತಿ ಹೋಗಬೇಕು. ಸ್ವತಃ ದೊಡ್ಡಮ್ಮನೇ, ತಂಗಿಯ ಫೋನು ಬಂದರೆ ಸೂಜಿ ಬಿಟ್ಟು ಎದ್ದು ಹಜಾರಕ್ಕೆ ಬಂದು ಮಾತಾಡಿ ಮತ್ತೆ ಒಳಗೆ ಹೋಗುತ್ತಿದ್ದಳು. ಚಹಾ ಕುಡಿಯುವುದೂ ಹೊರಗೇ. ನನ್ನ ಕೈಯಲ್ಲಿ ಚೀಲ ಇದ್ದರೆ ಪ್ರವೇಶ. ಒಂದು ಸಂಜೆ ಬರಿಗೈಯಲ್ಲಿ ಹೋಗಿ ಒಳಗೆ ಇಣುಕಿದ್ದಕ್ಕೆ, "ಕೆಲಸ ಇದೆಯೇನೇ? ಇಲ್ಲ ಅಂದ್ರೆ ಅಲ್ಲೇ ನಿಂತು ಮಾತಾಡು" ಎಂದಳು. ಹೊಸ್ತಿಲಾಚೆ ನಿಂತೇ ಊರ ಸುದ್ದಿಯೆಲ್ಲ ಹೇಳಿದೆ.

ಇಷ್ಟು ಬೇಕಿಲ್ಲ, ಒಬ್ಬರು ಒಳಗೆ ಹಾದುಹೋದರೆ ಏನೂ ಆಗುವುದಿಲ್ಲ ಎಂದು ತೆರಿಗೆ ಮೇಡಂ ಸಮಾಧಾನ ಹೇಳಿದರು. ದೊಡ್ಡಮ್ಮ ಕೇಳಲಿಲ್ಲ. "ಇವತ್ತು ಹಾದುಹೋದೋರು ನಾಳೆ ಟವೆಲ್ ಒಣಹಾಕ್ತಾರೆ ಮೇಡಂ. ನಮ್ಮನೆಯೋರನ್ನ ನಾನು ಬಲ್ಲೆ," ಎಂದಳು.

ದೊಡ್ಡಪ್ಪ ಬೇಗ ಶರಣಾದ. ದಿನವೂ ಬಸ್ಸುಗಳನ್ನು ಗೇಟಿನಲ್ಲಿ ನಿಲ್ಲಿಸಿ ಅಭ್ಯಾಸವಿದ್ದವನು ತಾನೂ ಒಂದು ಗೇಟಿನಲ್ಲಿ ನಿಲ್ಲುವುದನ್ನು ಕಲಿತ. ಹೇಳುವುದೇನಾದರೂ ಇದ್ದರೆ ಹೊಸ್ತಿಲಿಗೆ ಬಂದು, ಕಾಲ್ಬೆರಳ ತುದಿಯೂ ಒಳಗೆ ಹೋಗದಂತೆ ನಿಂತು ಹೇಳಿ ಹೋಗುತ್ತಿದ್ದ. ಹಟಕ್ಕೆ ಬಿದ್ದದ್ದು ಅಜ್ಜಿ. ಕಿಟಕಿ ಕೈತಪ್ಪಿದ ಮೇಲೆ ಬೀದಿಯಲ್ಲಿ ಏನಾಗುತ್ತಿದೆ ಎಂದೇ ಗೊತ್ತಾಗದೆ ಅವಳಿಗೆ ಊಟ ರುಚಿಸಲಿಲ್ಲ. ಮೊದಲು ಗಂಟುಮುಖ ಹಾಕಿದಳು, ಆಮೇಲೆ ಮಾತು ಬಿಟ್ಟಳು, ಕೊನೆಗೆ ಕುರ್ಚಿಯನ್ನು ತಾನೇ ಎಳೆದುಕೊಂಡು ಹೊಸ್ತಿಲಿಗೆ ಬಂದಳು.

"ಅತ್ತೆ, ಒಳಗೆ ಕೆಲಸ ಇದ್ದೋರಿಗೆ ಮಾತ್ರ," ಎಂದಳು ದೊಡ್ಡಮ್ಮ.

"ಹಾಗಾದ್ರೆ ಕೊಡೇ ಕೆಲಸ," ಎಂದಳು ಅಜ್ಜಿ. "ಕಣ್ಣು ಚೆನ್ನಾಗಿದೆ, ಕೈ ಸುಮ್ನಿದೆ. ಆ ಕಿಟಕಿ ನಂಗೆ ಬೇಕು."

ದೊಡ್ಡಮ್ಮ ಒಂದು ಹಳೆಯ ಕೋಟನ್ನೂ ಹೊಲಿಗೆ ಬಿಚ್ಚುವ ಚೂಪು ಕೊಕ್ಕೆಯನ್ನೂ ಕೊಟ್ಟಳು. ಬಟ್ಟೆ ಸರಿಮಾಡುವ ಕೆಲಸದಲ್ಲಿ ಅರ್ಧ ಹೊತ್ತು ಹೋಗುವುದು ಹಳೆಯ ಹೊಲಿಗೆ ಬಿಚ್ಚುವುದರಲ್ಲಿ. ಬಟ್ಟೆಗೆ ನೋವಾಗಬಾರದು, ದಾರ ಮಾತ್ರ ಬರಬೇಕು. ಅಜ್ಜಿ ಅದರಲ್ಲಿ ಎಂಥ ಗಟ್ಟಿಗಿತ್ತಿ ಎಂದು ಯಾರಿಗೂ ತಿಳಿದಿರಲಿಲ್ಲ. ಜೀವನವಿಡೀ ಮಾತಿನಲ್ಲಿ ಕೆದಕಿದವಳು, ಈಗ ಹೊಲಿಗೆ ಕೆದಕಿದಳು. ಕಣ್ಣು ಬೀದಿಯಲ್ಲಿ, ಬೆರಳು ಕಾಲರಿನಲ್ಲಿ. ಬಟ್ಟೆಯ ಒಂದು ಎಳೆಯೂ ಸಿಗಿಯುತ್ತಿರಲಿಲ್ಲ. ಚಿಂದಿ ಆಟ ಎಂಬ ಮಾತು ಆಮೇಲೆ ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ.

ವರ್ಷ ತಿರುಗಿತು. ತೆರಿಗೆ ಮೇಡಂ ಖರ್ಚುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಅರ್ಜಿ ಮಾತ್ರ ಎಂದಿನಂತೆ ದೊಡ್ಡಪ್ಪನೇ ತುಂಬಿ, ಆ ಹಾಳೆಯನ್ನು ಲಗತ್ತಿಸಿ ಕಳಿಸಿದ. ಕೆಲವು ವಾರಗಳ ಮೇಲೆ ತೆರಿಗೆ ಕಚೇರಿಯಿಂದ ಕಾಗದ ಬಂತು: ಅರ್ಜಿಯಲ್ಲಿ ಗೊಂದಲವಿದೆ, ಪರಿಶೀಲನೆಗೆ ಅಧಿಕಾರಿ ಮನೆಗೆ ಬರುತ್ತಾರೆ.

ಗೊಂದಲ ಏನೆಂದು ಮೇಡಂ ಪ್ರತಿ ತೆಗೆದು ನೋಡಿದರು. ದೊಡ್ಡಪ್ಪ ಉದ್ಯೋಗ ಎಂಬಲ್ಲಿ ಮತ್ತೆ 'ಗೃಹಿಣಿ' ಎಂದೇ ಬರೆದಿದ್ದ. ಅದರ ಕೆಳಗೆ ಕೆಲಸದ ಕೋಣೆ, ಕೆಲಸದ ಮಿಷನ್ನು, ಕೆಲಸದ ಬಸ್ ಚಾರ್ಜು. ಉದ್ಯೋಗವೇ ಇಲ್ಲದವಳಿಗೆ ಕೆಲಸದ ಕೋಣೆ ಯಾಕೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

"ಬೇಕು ಅಂತ ಬರೆದಿದ್ದಲ್ಲ ಕಣೆ," ಎಂದ ದೊಡ್ಡಪ್ಪ, ಹೊಸ್ತಿಲಾಚೆ ನಿಂತು. "ಕೈ ತಾನಾಗೇ ಬರೀತು."

ದೊಡ್ಡಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟಳು. ಅವಳು ಕೋಪಗೊಂಡಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಒಂದು ವರ್ಷ ಮನೆ ಸುತ್ತಿ ಬಕೆಟ್ಟು ಹೊತ್ತವಳು, ಆ ಒಂದು ಪದದಿಂದ ಮತ್ತೆ ಬೀರುವಿನ ಸಂದಿಗೆ ಹೋಗುವ ಹಾಗಾಯಿತಲ್ಲ ಎಂದು ನನಗೆ ಅಳುವೇ ಬಂತು.

ಅಧಿಕಾರಿ ಬಂದ ದಿನ ನಾನು ಬೇಕೆಂದೇ ಚೀಲ ಹಿಡಿದು ಬೇಗ ಹೋದೆ. ತೆಳ್ಳಗಿನ, ಮಾತು ಕಡಿಮೆಯ ನಡುವಯಸ್ಸಿನ ಗಂಡಸು. ಕೋಟಿನ ಎಡತೋಳಿನ ಅಂಚು ಹೊಲಿಗೆ ಬಿಟ್ಟು ಜೋತಾಡುತ್ತಿತ್ತು. ದೊಡ್ಡಮ್ಮನ ಕಣ್ಣು ಮೊದಲು ಹೋದದ್ದು ಅವರ ಮುಖಕ್ಕಲ್ಲ, ಆ ತೋಳಿಗೆ.

"ಇಲ್ಲಿ ಗೃಹಿಣಿ ಅಂತಿದೆ. ಕೆಳಗೆ ಕೆಲಸದ ಕೋಣೆ ಅಂತಿದೆ. ಯಾವುದು ನಿಜ?" ಎಂದು ಅವರು ಕೇಳಿದರು.

"ಅದು ನಮ್ಮನೆಯವರು ಬರೆದಿದ್ದು. ಇದು ನಾನು ಮಾಡಿದ್ದು," ಎಂದು ದೊಡ್ಡಮ್ಮ ಕೋಣೆಯ ಬಾಗಿಲು ಪೂರ್ತಿ ತೆರೆದಳು.

ಅಧಿಕಾರಿ ಒಳಗೆ ಹೋಗಿ ಕೊಕ್ಕೆಯ ಬಟ್ಟೆಗಳನ್ನು, ಚೀಟಿಗಳನ್ನು, ಡಬ್ಬಿಗಳಲ್ಲಿ ಬಣ್ಣಬಣ್ಣವಾಗಿ ವಿಂಗಡಿಸಿದ ದಾರವನ್ನು ನೋಡಿದರು. ತಲೆ ಆಡಿಸುತ್ತ ಬಂದವರು ಕಿಟಕಿಯ ಹತ್ತಿರ ನಿಂತುಬಿಟ್ಟರು. ಅಲ್ಲಿ ಆರಾಮಕುರ್ಚಿಯಲ್ಲಿ, ಬೆನ್ನಿಗೆ ದಿಂಬು ಕೊಟ್ಟುಕೊಂಡು, ಅಜ್ಜಿ ಕೂತಿದ್ದಳು.

"ಅಜ್ಜಿ ಇಲ್ಲೇ ಇರ್ತಾರಾ?" ಎಂದು ಕೇಳಿದರು. ಅವರ ಪೆನ್ನು ಮೇಲೆದ್ದಿತ್ತು. ಅದು ಅಜ್ಜಿಯ ವಿಶ್ರಾಂತಿಯ ಕೋಣೆ ಎಂದಾದರೆ ಎಲ್ಲ ಮುಗಿದಂತೆ. ದೊಡ್ಡಮ್ಮ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯೇ ತಿರುಗಿದಳು.

"ನಂಗೇನಪ್ಪ ಕೇಳ್ತೀಯ? ನಾನು ಇಲ್ಲಿ ಕೆಲಸದೋಳು," ಎಂದು ಮಡಿಲಿನಿಂದ ಅರ್ಧ ಬಿಚ್ಚಿದ ಕಾಲರನ್ನು ಎತ್ತಿ ತೋರಿಸಿದಳು. "ಕಿಟಕಿ ಬೇಕು ಅಂದೆ, ಕೆಲಸ ಮಾಡು ಅಂದ್ಲು. ಮಾಡ್ತಿದ್ದೀನಿ."

ಅಧಿಕಾರಿ ಕಾಲರನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ಸೂಜಿ ಹೋದ ತೂತಿನ ಗುರುತು ಬಿಟ್ಟರೆ ಬಟ್ಟೆ ಹೊಸದರಂತಿತ್ತು. "ಸಂಬಳ ಎಷ್ಟು ಕೊಡ್ತಾರೆ?"

ಅಜ್ಜಿ ಮೆಲ್ಲಗೆ ಸೊಸೆಯ ಕಡೆ ನೋಡಿದಳು. "ಸಂಬಳ ಬೇರೆ ಇರತ್ತಾ?"

"ಕೊಟ್ಟರೆ ಅದನ್ನೂ ಖರ್ಚಿನಲ್ಲಿ ತೋರಿಸಬಹುದು," ಎಂದರು ಅಧಿಕಾರಿ. "ತುಂಬ ಜನ ಬಿಟ್ಟುಬಿಡ್ತಾರೆ."

"ಕೇಳಿಸ್ತೇನೇ?" ಎಂದಳು ಅಜ್ಜಿ.

ದೊಡ್ಡಮ್ಮನ ಮುಖದಲ್ಲಿ ಬೆವರಿತ್ತು, ಆದರೂ ತುಟಿಯ ಕೊನೆ ಅಲುಗಿತು. ಅಧಿಕಾರಿ ಇನ್ನೂ ಒಪ್ಪಿದಂತೆ ಕಾಣಲಿಲ್ಲ. ಒಂದು ದಿನದ ಮಟ್ಟಿಗೆ ಕೋಣೆ ಸಿಂಗರಿಸಿ ಕಾಲರು ಕೈಗೆ ಕೊಟ್ಟು ಕೂರಿಸುವವರನ್ನು ಅವರು ಎಷ್ಟು ನೋಡಿದ್ದರೋ. ಕೋಣೆಯ ಅಳತೆ ಬೇಕು ಎಂದು ಅಳತೆಪಟ್ಟಿ ತೆಗೆದರು. ಒಂದು ತುದಿ ತಾವು ಕಿಟಕಿಯ ಹತ್ತಿರ ಹಿಡಿದು, ಹಜಾರದಲ್ಲಿ ಕೈಕಟ್ಟಿ ನಿಂತಿದ್ದ ದೊಡ್ಡಪ್ಪನನ್ನು ಕರೆದರು. "ಸ್ವಲ್ಪ ಒಳಗೆ ಬನ್ನಿ, ಆ ಗೋಡೆ ಹತ್ತಿರ ಹಿಡ್ಕೊಳ್ಳಿ."

ದೊಡ್ಡಪ್ಪ ಬಂದ. ಬಂದವನು ಹೊಸ್ತಿಲಲ್ಲಿ ಗಕ್ಕನೆ ನಿಂತ. ಕಾಲ್ಬೆರಳ ತುದಿಯನ್ನೂ ಹೊರಗೇ ಇಟ್ಟು, ಕೈ ಮಾತ್ರ ಒಳಗೆ ಚಾಚಿದ.

"ಬನ್ನಿ ಒಳಗೆ," ಎಂದರು ಅಧಿಕಾರಿ ಮತ್ತೆ.

"ನಾನು ಬರೋ ಹಾಗಿಲ್ಲ ಸರ್," ಎಂದ ದೊಡ್ಡಪ್ಪ. "ನಂಗೆ ಅಲ್ಲಿ ಕೆಲಸ ಇಲ್ಲ."

ಹೇಳಿದ ಮೇಲೆ ಅವನಿಗೇ ತಾನು ಹೇಳಿದ್ದು ಕೇಳಿಸಿತು. ಮುಖ ಕೆಂಪಾಯಿತು. ಮಂಚ ವಾಪಸ್ಸು ಬರುವ ದಾರಿಗೆ ತಾನೇ ಬಾಗಿಲು ಹಾಕಿದ್ದ. ಅಧಿಕಾರಿ ಅವನ ಮುಖ ನೋಡಿದರು, ಅವನ ಕಾಲು ನೋಡಿದರು, ಎಷ್ಟೋ ತಿಂಗಳಿಂದ ಹೆಚ್ಚು ಕಾಲು ಬೀಳದೆ ಹೊಳಪು ಉಳಿದಿದ್ದ ಹೊಸ್ತಿಲನ್ನು ನೋಡಿದರು. ಆಮೇಲೆ ಅಳತೆಪಟ್ಟಿಯ ತುದಿಯನ್ನು ನನ್ನ ಕೈಗೆ ಕೊಟ್ಟರು; ಹೆಗಲಿನಲ್ಲಿ ಚೀಲವಿದ್ದುದರಿಂದ ನನಗೆ ಒಳಗಿರಲು ಅಡ್ಡಿಯಿರಲಿಲ್ಲ. ಬರೆಯುವಾಗ ಅವರು ನಗು ತಡೆಯಲು ಕೆಮ್ಮುತ್ತಿದ್ದರು.

ಹೊರಡುವಾಗ ತೋಳು ಎತ್ತಿ, "ಇದು ಸರಿಹೋಗತ್ತಾ?" ಎಂದು ಕೇಳಿದರು.

"ಸರಿಹೋಗತ್ತೆ," ಎಂದಳು ದೊಡ್ಡಮ್ಮ. "ಆದ್ರೆ ನಿಮ್ಮ ಕಾಗದ ಬರೋವರೆಗೂ ನಾನದನ್ನ ಮುಟ್ಟಲ್ಲ." ಆ ಮಾತು ಹೇಳುವಾಗ ಅವಳ ಬೆರಳುಗಳು ಒಂದನ್ನೊಂದು ಹಿಡಿದುಕೊಂಡಿದ್ದವು. ಜೋತಾಡುವ ಅಂಚನ್ನು ಕಂಡು ಸುಮ್ಮನಿರುವುದು ಅವಳಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು.

ಕಾಗದ ಬಂತು. ಕೋಣೆ, ಮಿಷನ್ನು, ದಾರ, ಸಾಣೆ, ಬಸ್ ಚಾರ್ಜು, ಎಲ್ಲವನ್ನೂ ಒಪ್ಪಿದ್ದರು. ಹೆಚ್ಚಾಗಿ ಕಟ್ಟಿದ್ದ ತೆರಿಗೆ ವಾಪಸ್ಸು ಬಂತು. ಆ ದುಡ್ಡಿನಲ್ಲಿ ದೊಡ್ಡಮ್ಮ ಮಿಷನ್ನಿಗೆ ಮೋಟಾರು ಹಾಕಿಸಿದಳು. ಅದನ್ನೂ ಮುಂದಿನ ವರ್ಷ ಕಳೆಯಬಹುದು ಎಂದು ತೆರಿಗೆ ಮೇಡಂ ಹೇಳಿದಾಗ ಅವಳು ನಕ್ಕ ನಗು ಬೀದಿಗೆ ಕೇಳಿಸಿತು. ಈಗ ನಡುಮಧ್ಯಾಹ್ನ ಮಿಷನ್ನು ಇಡೀ ಮನೆ ಅದುರುವಂತೆ ಓಡುತ್ತದೆ. ಹಜಾರದ ಮಂಚದಲ್ಲಿ ದೊಡ್ಡಪ್ಪ ಕಿವಿಗೆ ಹತ್ತಿ ತುರುಕಿಕೊಂಡು ಮಲಗುತ್ತಾನೆ. ಅಜ್ಜಿಗೆ ತಿಂಗಳಿಗೊಮ್ಮೆ ಸಂಬಳ; ಕಡಿಮೆಯಾಯಿತು ಎಂದು ತಿಂಗಳಿಗೊಮ್ಮೆ ತಕರಾರು. ಜೋತಾಡುವ ತೋಳಿನ ಕೋಟು ಒಂದು ದಿನ ನಮ್ಮ ಅಂಗಡಿಯ ಚೀಲದಲ್ಲೇ ಬಂತು. ದೊಡ್ಡಮ್ಮ ಅದಕ್ಕೂ ಎಲ್ಲರಿಗೂ ಎಷ್ಟೋ ಅಷ್ಟೇ ದರ ಹಾಕಿದಳು.

ಮತ್ತೆ ಅರ್ಜಿ ತುಂಬುವ ಕಾಲ ಬಂದಾಗ ನಾನಲ್ಲೇ ಇದ್ದೆ, ಚೀಲ ಇಳಿಸುತ್ತಿದ್ದೆ. ದೊಡ್ಡಪ್ಪ ಕಾಗದ, ಪೆನ್ನು ಹಿಡಿದು ಹೊಸ್ತಿಲಿಗೆ ಬಂದು ನಿಂತ. ಮಿಷನ್ನಿನ ಸದ್ದಿಗೆ ದನಿ ಏರಿಸಬೇಕಾಯಿತು.

"ಉದ್ಯೋಗ ಅಂತಿದೆ. ಏನು ಬರೀಲಿ?"

ಅವನಿಗೆ ಗೊತ್ತಿತ್ತು. ಅವಳ ಬಾಯಿಂದ ಕೇಳಬೇಕಿತ್ತು, ಅಷ್ಟೆ.

"ದರ್ಜಿ," ಎಂದಳು ದೊಡ್ಡಮ್ಮ, ತಲೆ ಎತ್ತದೆ.

ದೊಡ್ಡಪ್ಪ ಬಾಗಿಲ ಚೌಕಟ್ಟಿಗೆ ಕಾಗದ ಒತ್ತಿ ಹಿಡಿದು ಬರೆದ. ಬರೆದು, ಕಾಲು ಹೊರಗೇ ಇಟ್ಟು, ಕೈ ಚಾಚಿ ಕಾಗದವನ್ನು ಒಳಗೆ ಹಿಡಿದ. ಆಗ ದೊಡ್ಡಮ್ಮ ಮಿಷನ್ನು ನಿಲ್ಲಿಸಿದಳು. ಮನೆ ಒಮ್ಮೆಲೇ ನಿಶ್ಶಬ್ದವಾಯಿತು. ಕನ್ನಡಕ ಸರಿಮಾಡಿಕೊಂಡು, ಆ ಒಂದು ಪದವನ್ನು ನಿಧಾನವಾಗಿ ಓದಿದಳು.

"ಅಕ್ಷರ ಇನ್ನೊಂಚೂರು ದಪ್ಪ ಮಾಡಿ," ಎಂದಳು.